ಬಂದರಿನ ಐಸು, ಆಡಿನ ಲಿವರ್, ಒಡೆಯದ ಲೈಸೋಸೋಮ್

ರೆಫ್ರಿಜರೇಟೆಡ್ ಸೆಂಟ್ರಿಫ್ಯೂಜ್ (ತಂಪಾಗಿಟ್ಟುಕೊಂಡೇ ಜೋರಾಗಿ ತಿರುಗಿಸಿ ಭಾರದ್ದನ್ನು ತಳಕ್ಕೆ ಇಳಿಸುವ ಮಷೀನ್) ಇಲ್ಲದೆ ಲೈಸೋಸೋಮನ್ನು, ಅಂದರೆ ಕೋಶದೊಳಗಿನ ಜೀರ್ಣಕಾರಿ ಎನ್ಜೈಮುಗಳ ಸಣ್ಣ ಚೀಲವನ್ನು, ಒಡೆಯದೆ ಹೊರತೆಗೆಯಲು ಆಗುವುದಿಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಒಂದು ತರಬೇತಿಯಲ್ಲಿ ಸಿಕ್ಕ ಹಿರಿಯರೊಬ್ಬರು, 'ಕಾರವಾರದಲ್ಲಾ? ಆ ಸೆಖೆಯಲ್ಲಾ? ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡಿ ಮೇಡಂ' ಅಂದಿದ್ದರು. ನಮ್ಮ ವಿಭಾಗದಲ್ಲೂ ಅದೇ ಮಾತು. ಈಗ ನಮ್ಮ ಬಿಎಸ್ಸಿ ಕೊನೆಯ ವರ್ಷದ ಮಕ್ಕಳು ಒಂದೇ ಬೆಳಿಗ್ಗೆಯಲ್ಲಿ ಇದನ್ನು ಮಾಡಿ ಮುಗಿಸಿ ಊಟಕ್ಕೆ ಹೋಗುತ್ತಾರೆ. ಬೇರೆ ಕಾಲೇಜಿನವರೂ ಮಾಡಲಿ ಅಂತ ಬರೆಯುತ್ತಿದ್ದೇನೆ.

ಮಾಡುವುದು ಇಷ್ಟೇ. ಲಿವರ್ ಅರೆದು, ಸೋಸಿ, ಎರಡು ವೇಗದಲ್ಲಿ ತಿರುಗಿಸಿ, ಲೈಸೋಸೋಮ್ ಇರುವ ಪೆಲೆಟ್ (ತಳಕ್ಕೆ ಕೂತ ಗಸಿ) ಹಿಡಿಯಬೇಕು. ಅದನ್ನು ಎರಡು ಟ್ಯೂಬಿಗೆ ಸಮಪಾಲು ಹಾಕಬೇಕು. ಎರಡಕ್ಕೂ ಪಿಎನ್‌ಪಿಪಿ (ಎನ್ಜೈಮ್ ಕತ್ತರಿಸಿದರೆ ಹಳದಿ ಕೊಡುವ ಕೆಮಿಕಲ್), ಒಂದಕ್ಕೆ ಮಾತ್ರ ಟ್ರೈಟನ್ ಎಕ್ಸ್-100 (ಪೊರೆ ಒಡೆಯುವ ಡಿಟರ್ಜೆಂಟ್). ಹತ್ತು ನಿಮಿಷ ಬಿಟ್ಟು ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಟ್ರೈಟನ್ ಇಲ್ಲದ ಟ್ಯೂಬಿಗೆ ಬಣ್ಣ ಬಂತೋ ಇಲ್ಲವೋ ಅನ್ನುವಷ್ಟು. ಟ್ರೈಟನ್ ಇದ್ದದ್ದು ಅಚ್ಚ ಹಳದಿ. ಆ ಹಳದಿ ತರುವ ಲೈಸೋಸೋಮಿನ ಎನ್ಜೈಮ್, ಆಸಿಡ್ ಫಾಸ್ಫಟೇಸ್, ಎರಡರಲ್ಲೂ ಅಷ್ಟೇ ಇದೆ. ಒಂದರಲ್ಲಿ ಅದು ತನ್ನ ಜಾಗದಲ್ಲಿ ಮುಚ್ಚಿಕೊಂಡು ಕೂತಿದೆ. ಇನ್ನೊಂದರಲ್ಲಿ ಹೊರಗೆ ಬಂದಿದೆ.

ಪ್ರೋಟೀನ್ ಎಲ್ಲಿರಬೇಕೋ ಅಲ್ಲೇ ಇರುತ್ತದೆ ಅನ್ನುವುದನ್ನು ನಾವೆಲ್ಲ ಬೋರ್ಡಿನ ಮೇಲೆ ಬಾಣ ಹಾಕಿ ಕಲಿಸುತ್ತೇವೆ. ಸಿಗ್ನಲ್ ಪೆಪ್ಟೈಡ್ (ಪ್ರೋಟೀನ್ ಎಲ್ಲಿಗೆ ಹೋಗಬೇಕು ಅನ್ನುವ ವಿಳಾಸದ ತುಣುಕು), ಅದನ್ನು ಕಂಡುಹಿಡಿದ ಗುಂಟರ್ ಬ್ಲೋಬೆಲ್, 1999ರ ನೊಬೆಲ್. ಮಕ್ಕಳು ಚಂದ ಚಿತ್ರ ಬರೆದು ಮಾರ್ಕ್ಸ್ ತೆಗೆಯುತ್ತಾರೆ. 'ಅದು ಅಲ್ಲಿ ಇಲ್ಲದಿದ್ದರೆ ಏನಾಗುತ್ತೆ?' ಅಂತ ಕೇಳಿದರೆ ಕ್ಲಾಸು ಸುಮ್ಮನಾಗುತ್ತದೆ. ಬಾಣದ ಚಿತ್ರದಿಂದ ಅದು ಗೊತ್ತಾಗುವುದಿಲ್ಲ. ಕಣ್ಣೆದುರು ಆಗಬೇಕು.

ಅದಕ್ಕೆ ನಾನು ಬ್ಲೋಬೆಲ್‌ಗಿಂತ ಹಿಂದಕ್ಕೆ, ಕ್ರಿಶ್ಚಿಯನ್ ಡಿ ಡ್ಯೂವ್ ಮಾಡಿದ ಕೆಲಸಕ್ಕೆ ಹೋದೆ. 1949ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಅವರ ತಂಡ ಇಲಿಯ ಲಿವರ್ ಮೇಲೆ ಕೆಲಸ ಮಾಡುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಇನ್ಸುಲಿನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು. ಆಸಿಡ್ ಫಾಸ್ಫಟೇಸ್ ಅಳೆದದ್ದು ಬರೀ ಹೋಲಿಕೆಗೆ. ಅದು ಇರಬೇಕಾದ್ದರ ಹತ್ತನೇ ಒಂದು ಪಾಲಷ್ಟೇ ಸಿಕ್ಕಿತು. ಆ ಸ್ಯಾಂಪಲ್ಲನ್ನು ಚೆಲ್ಲದೆ ಫ್ರಿಜ್‌ನಲ್ಲಿಟ್ಟು ಐದು ದಿನ ಬಿಟ್ಟು ಅಳೆದರೆ ಪೂರ್ತಿ ಬಂತು. ಎನ್ಜೈಮ್ ಯಾವುದೋ ಚೀಲದೊಳಗೆ ಇತ್ತು, ಐದು ದಿನದಲ್ಲಿ ಚೀಲ ಹಾಳಾಗಿ ಹೊರಗೆ ಬಂತು. ಆ ಚೀಲಕ್ಕೆ 1955ರಲ್ಲಿ ಲೈಸೋಸೋಮ್ ಅಂತ ಹೆಸರಿಟ್ಟರು. 1974ರಲ್ಲಿ ಆಲ್ಬರ್ಟ್ ಕ್ಲಾಡ್, ಜಾರ್ಜ್ ಪಲಾಡೆ ಜೊತೆ ನೊಬೆಲ್ ಬಂತು. ಸಿಗ್ನಲ್ ಗಿಗ್ನಲ್ ಯಾವುದೂ ಗೊತ್ತಿಲ್ಲದ ಕಾಲದಲ್ಲಿ, ಬರೀ ಒಂದು ಎನ್ಜೈಮ್ ಅಳೆದು, ಪ್ರೋಟೀನಿಗೆ ಒಂದು ಜಾಗ ಇದೆ ಅಂತ ತೋರಿಸಿದರು. ಈ ಪ್ರಯೋಗ ನಮ್ಮ ಮಕ್ಕಳ ಕೈಗೆ ಬರಲೇಬೇಕು ಅಂತ ಹಟ ಹಿಡಿದೆ.

ಮೊದಲು ದುಡ್ಡಿನ ಮಾತು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದದ್ದು ಹಳೆಯ ಕ್ಲಿನಿಕಲ್ ಸೆಂಟ್ರಿಫ್ಯೂಜ್, 3,500 ಆರ್‌ಪಿಎಂ ದಾಟುವುದಿಲ್ಲ. ನ್ಯೂಕ್ಲಿಯಸ್, ಒಡೆಯದೆ ಉಳಿದ ಕೋಶ ಎಲ್ಲ ಅದರಲ್ಲೇ ಇಳಿಯುತ್ತವೆ. ಲೈಸೋಸೋಮ್ ಇಳಿಯಲು 10,000 ಜಿ (ಗುರುತ್ವದ ಹತ್ತು ಸಾವಿರ ಪಟ್ಟು ಬಲ) ಹತ್ತಿರ ಬೇಕು. ರೆಫ್ರಿಜರೇಟೆಡ್ ಮಷೀನಿಗೆ ಕೊಟೇಶನ್ ತರಿಸಿದೆ. ಮೂರು ಲಕ್ಷದ ಮೇಲಿತ್ತು. ಅರ್ಜಿ ಹಾಕಿದೆ, ಅದು ಎಲ್ಲಿಗೆ ಹೋಯಿತೋ ಇಲ್ಲಿಯವರೆಗೂ ಉತ್ತರ ಬಂದಿಲ್ಲ. ಆಮೇಲೆ ಹುಬ್ಬಳ್ಳಿಯಲ್ಲಿ ಒಂದು ರಕ್ತಪರೀಕ್ಷೆ ಲ್ಯಾಬ್ ಮುಚ್ಚುತ್ತಿದೆ, ಸಾಮಾನು ಮಾರುತ್ತಿದ್ದಾರೆ ಅಂತ ಗೊತ್ತಾಯಿತು. ಅವರ ಹತ್ತಿರ ಒಂದು ಮೈಕ್ರೋಸೆಂಟ್ರಿಫ್ಯೂಜ್ ಇತ್ತು, 12,000 ಆರ್‌ಪಿಎಂ. 22 ಸಾವಿರ ಹೇಳಿದರು, ಚೌಕಾಸಿ ಮಾಡಿ 18 ಸಾವಿರಕ್ಕೆ ತಂದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅರಬೈಲ್ ಘಾಟಿ ಇಳಿಸಿದೆ. ಮನೆಗೆ ಬಂದು ನೋಡಿದರೆ ಕಾರ್ಬನ್ ಬ್ರಶ್ ಸವೆದಿತ್ತು. ಅದಕ್ಕೊಂದು 300 ರೂಪಾಯಿ. ಗಾಜಿನ ಪಾಟರ್ ಹೋಮೋಜನೈಸರ್ (ಲಿವರ್ ಅರೆಯುವ ಕೊಳವೆ, ಕಡ್ಡಿ) 4 ಸಾವಿರದ ಆಸುಪಾಸು, ಪಿಎನ್‌ಪಿಪಿ ಸಣ್ಣ ಡಬ್ಬಿ ಮೂರೂವರೆ ಸಾವಿರ, ಎರಡು ಪಿಪೆಟ್ 6 ಸಾವಿರ, ಟ್ಯೂಬು ಟ್ರೈಟನ್ ಅದು ಇದು ಸೇರಿ ಇನ್ನೊಂದು 3 ಸಾವಿರ. ಒಟ್ಟು 35 ಸಾವಿರ ಅಂತ ಇಟ್ಟುಕೊಳ್ಳಿ. ಎಲ್ಲ ಕೈಯಿಂದಲೇ. ಮೂರು ಲಕ್ಷದ ಮಷೀನ್ ಬರಲಿ ಅಂತ ಕಾದಿದ್ದರೆ ನಾನು ರಿಟೈರ್ ಆಗುತ್ತಿದ್ದೆ.

ಇನ್ನು ಕೈಕೊಟ್ಟದ್ದರ ಕತೆ. ಇಲ್ಲೇ ಜಾಸ್ತಿ ಹೇಳುವುದಿದೆ.

ಶುರುವಿನಲ್ಲಿ ಹೋಮೋಜನೈಸರ್ ಇರಲಿಲ್ಲ, ಮಿಕ್ಸಿಯಲ್ಲಿ ಅರೆದೆವು. ತಣ್ಣಗಿನ ಸಕ್ಕರೆ ನೀರು, ತಣ್ಣಗಿನ ಜಾರ್, ಒಂದೊಂದೇ ಸೆಕೆಂಡ್ ಬಿಟ್ಟು ಬಿಟ್ಟು. ಏನೂ ಉಪಯೋಗವಾಗಲಿಲ್ಲ. ಕಲರಿಮೀಟರಿನಲ್ಲಿ (ಬಣ್ಣ ಎಷ್ಟು ಗಾಢ ಅಂತ ಅಳೆಯುವ ಮಷೀನ್) ಟ್ರೈಟನ್ ಇಲ್ಲದ ಟ್ಯೂಬು 0.45, ಇದ್ದದ್ದು 0.48. ಅಂದರೆ ಎಲ್ಲ ಮೊದಲೇ ಒಡೆದಿತ್ತು. ಎನ್ಜೈಮಿನ ದೊಡ್ಡ ಪಾಲು ಪೆಲೆಟ್‌ಗೆ ಬರದೆ ಮೇಲಿನ ತಿಳಿಯಲ್ಲೇ ಉಳಿದಿತ್ತು. ಬ್ಲೇಡು ಕೋಶವನ್ನು ಕತ್ತರಿಸುತ್ತದೆ, ಜೊತೆಗೆ ಒಳಗಿರುವುದನ್ನೂ ಕತ್ತರಿಸುತ್ತದೆ. ನೊರೆ ಬಂದರೆ ಇನ್ನೂ ಕಷ್ಟ. ಪಾಟರ್‌ನಲ್ಲಿ ಹಾಗಲ್ಲ. ಗಾಜಿಗೂ ಟೆಫ್ಲಾನ್ ಕಡ್ಡಿಗೂ ನಡುವಿನ ಸಂದಿಯಲ್ಲಿ ಕೋಶ ಹರಿಯುತ್ತದೆ, ಒಳಗಿನ ಸಣ್ಣ ಚೀಲಗಳು ಜಾರಿ ಹೋಗುತ್ತವೆ. ಅದರ ಕಡ್ಡಿಯನ್ನು ಬಡಗಿಯ ಡ್ರಿಲ್ ಮಷೀನಿಗೆ ಸಿಕ್ಕಿಸಿ, ಅತಿ ನಿಧಾನದ ವೇಗದಲ್ಲಿ ತಿರುಗಿಸುತ್ತೇನೆ. ಎಷ್ಟು ಸಲ ಮೇಲೆ ಕೆಳಗೆ ಮಾಡಬೇಕು ಅನ್ನುವುದು ನನ್ನ ಕೈಗೆ ಗೊತ್ತು. ಆ ಕಡ್ಡಿಗೆ ನಾನು ಏನು ಮಾಡಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇನೆ.

ಆಮೇಲೆ ಲಿವರ್. ಕಾಲೇಜಿನಲ್ಲಿ ಇಲಿ ಕೊಯ್ಯುವ ಕಾಲ ಹೋಯಿತು, ಒಳ್ಳೆಯದೇ ಆಯಿತು. ಮಟನ್ ಅಂಗಡಿಯೇ ಗತಿ. ಹಿಂದಿನ ದಿನದ್ದು, ಫ್ರೀಜರಿನದ್ದು ಆಗುವುದೇ ಇಲ್ಲ. ಅದು ನಿಮಗೆಲ್ಲ ಗೊತ್ತಿರುವುದೇ. ಆದರೆ ಆಗಷ್ಟೇ ಕಡಿದ ಆಡಿನ ಬಿಸಿ ಲಿವರ್ ತಂದರೂ ಕೆಲವು ದಿನ ಫಲಿತಾಂಶ ಚೆನ್ನಾಗಿ ಬರುತ್ತಿತ್ತು, ಕೆಲವು ದಿನ ಪೂರ್ತಿ ಕೆಡುತ್ತಿತ್ತು. ಅದೇ ಅಂಗಡಿ, ಅದೇ ಹೊತ್ತು, ಅದೇ ಐಸ್ ಡಬ್ಬ. ತಲೆ ಕೆಟ್ಟುಹೋಗಿತ್ತು. ಒಂದು ಬೆಳಿಗ್ಗೆ ಅಂಗಡಿಯಲ್ಲೇ ನಿಂತು, ಲಿವರ್ ಬಿಡಿಸುವುದನ್ನು ಕಣ್ಣಿಟ್ಟು ನೋಡಿದೆ. ಭಾಯ್ ಪಿತ್ತದ ಚೀಲವನ್ನು ಬೆರಳಲ್ಲಿ ಹಿಡಿದು ಎಳೆದು ಬಿಸಾಡುತ್ತಾರೆ. ಆವತ್ತು ಅದರ ಬಾಯಿಂದ ಎರಡು ಹನಿ ಲಿವರ್ ಮೇಲೆ ಬಿತ್ತು. ಹಸಿರು-ಹಳದಿ ಕಲೆ. ಅವರು ಅದನ್ನು ಬಟ್ಟೆಯಲ್ಲಿ ಒರೆಸಿ ತಕ್ಕಡಿಗೆ ಹಾಕಿದರು. ಅಡುಗೆಗಾದರೆ ಒಂಚೂರು ಕಹಿ, ಅಷ್ಟೇ. ನನಗೆ ಅಲ್ಲೇ ಹೊಳೆಯಿತು. ಪಿತ್ತದ ಲವಣ ಅಂದರೆ ಡಿಟರ್ಜೆಂಟ್ ಅಲ್ವಾ? ನಾನು ಒಂದು ಟ್ಯೂಬಿಗೆ ಟ್ರೈಟನ್ ಹಾಕಿ ಚೀಲ ಒಡೆಯುತ್ತೇನೆ, ಇಲ್ಲಿ ಅಂಗಡಿಯಲ್ಲೇ ಎಲ್ಲಕ್ಕೂ ಬಿದ್ದಾಗಿದೆ.

ಅವತ್ತಿನಿಂದ ಭಾಯ್‌ಗೆ ಹೇಳಿಟ್ಟಿದ್ದೇನೆ. ಪಿತ್ತದ ಚೀಲ ಮುಟ್ಟದೆ, ದೂರದ ತುದಿಯಿಂದ ಒಂದು ತುಂಡು ಕೊಯ್ದು ಕೊಡುತ್ತಾರೆ. 'ಅಕ್ಕೋರೆ, ನಿಮ್ಮ ಕಲೇಜಿ ಬೇರೆ ಇಟ್ಟಿದೀನಿ' ಅಂತ ಫೋನೂ ಮಾಡುತ್ತಾರೆ. ಕಾಲು ಕಿಲೋ ಸಾಕು, ಇನ್ನೂರು ರೂಪಾಯಿ ಚಿಲ್ಲರೆ. ಈ ಒಂದು ವಿಷಯ ಯಾವ ಪ್ರೊಟೊಕಾಲಿನಲ್ಲೂ ನನಗೆ ಸಿಗಲಿಲ್ಲ. ಲ್ಯಾಬಿನಲ್ಲಿ ಬಳಸುವ ದೊಡ್ಡ ಇಲಿಗೆ (ರ‍್ಯಾಟ್) ಪಿತ್ತಕೋಶವೇ ಇಲ್ಲ. ಇಲಿಯ ಲಿವರ್‌ನಲ್ಲಿ ಮಾಡಿದವರಿಗೆ ಈ ತೊಂದರೆ ಬಂದೇ ಇರಲಿಕ್ಕಿಲ್ಲ.

ರಕ್ತವನ್ನು ಚೆನ್ನಾಗಿ ತೊಳೆಯಬೇಕು. ಕೆಂಪು ರಕ್ತಕಣದಲ್ಲೂ ಒಂದು ಆಸಿಡ್ ಫಾಸ್ಫಟೇಸ್ ಇದೆ, ಅದು ಲೈಸೋಸೋಮಿನದ್ದಲ್ಲ. ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ, ತಣ್ಣಗಿನ ಸಕ್ಕರೆ ನೀರಲ್ಲಿ ನೀರು ತಿಳಿಯಾಗುವವರೆಗೆ ಜಾಲಿಸಿ. ಬರೀ ನೀರಲ್ಲಿ ತೊಳೆದರೆ ಚೀಲ ಉಬ್ಬಿ ಒಡೆಯುತ್ತದೆ.

ತಂಪಿನ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಆಗಲ್ಲ ಅಂದದ್ದು ಇದಕ್ಕೇ. ಏಪ್ರಿಲಿನಲ್ಲಿ ನಮ್ಮ ಲ್ಯಾಬಿನೊಳಗೆ 33 ಡಿಗ್ರಿ ಇರುತ್ತದೆ. ಫ್ರಿಜ್‌ನ ಐಸ್ ಟ್ರೇಯಲ್ಲಿ ಬರುವ ಹಿಡಿ ಐಸು ಅರ್ಧ ಗಂಟೆಗೆ ನೀರು. ಆದರೆ ನಾವಿರುವುದು ಕಾರವಾರದಲ್ಲಿ. ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ ಮೀನಿಗೆ ಹಾಕಲು ಐಸ್ ಪುಡಿ ಮಾಡುತ್ತಿರುತ್ತಾರೆ. ಒಂದು ಬುಟ್ಟಿಗೆ 50 ರೂಪಾಯಿ ಕೊಟ್ಟರೆ ಥರ್ಮೊಕೋಲ್ ಪೆಟ್ಟಿಗೆ ತುಂಬ ಹಾಕಿಕೊಡುತ್ತಾರೆ. ಎಷ್ಟೋ ದೊಡ್ಡ ಲ್ಯಾಬಿನಲ್ಲಿ ಐಸ್ ಮಷೀನ್ ಕೆಟ್ಟು ಕೂತಿರುತ್ತದೆ. ನಮಗೆ ಐಸಿನ ಬರ ಇಲ್ಲ. ಮೀನಿನ ಐಸು ಸ್ವಚ್ಛ ಅಲ್ಲ, ಸ್ಯಾಂಪಲ್ಲಿಗೆ ತಾಗಬಾರದು, ಟ್ಯೂಬಿನ ಹೊರಗೆ ಮಾತ್ರ. ಅಷ್ಟು ನೋಡಿಕೊಂಡರೆ ಸಾಕು.

ಐಸಿಗೆ ಉಪ್ಪು ಹಾಕಿ, ಇನ್ನೂ ತಂಪಾಗುತ್ತದೆ ಅಂತ ಒಬ್ಬರು ಸಲಹೆ ಕೊಟ್ಟರು. ಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಉಪ್ಪು ಹಾಕಿದ ಐಸು ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ. 0.25 ಮೋಲಾರ್ ಸಕ್ಕರೆ ನೀರು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆ. ಟ್ಯೂಬಿನ ಗೋಡೆಗೆ ತೆಳ್ಳಗೆ ಒಂದು ಬಿಳಿ ಪದರ ಕಟ್ಟಿತ್ತು, ಉಗುರಲ್ಲಿ ಕೆರೆದರೆ ಬರುವಂಥದ್ದು. ಅಷ್ಟು ಸಾಕಾಯಿತು. ಆವತ್ತಿನ ಅರ್ಧಕ್ಕರ್ಧ ಲೈಸೋಸೋಮ್ ಒಡೆದಿದ್ದವು. ಬರೀ ಐಸು, ಸ್ವಲ್ಪ ನೀರು. ಉಪ್ಪು ಬೇಡ.

ಸೆಂಟ್ರಿಫ್ಯೂಜಿನ ಒಳಗಿನ ಬಿಸಿ ಇನ್ನೊಂದು ತಲೆನೋವು. ಮೈಕ್ರೋಸೆಂಟ್ರಿಫ್ಯೂಜ್ ಹದಿನೈದು ನಿಮಿಷ ತಿರುಗಿದರೆ ಟ್ಯೂಬು ಕೈಗೆ ಬೆಚ್ಚಗೆ ತಾಗುತ್ತದೆ. ಇದಕ್ಕೆ ರೋಟರ್ ಬಿಚ್ಚಿ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಇಡುತ್ತೇನೆ. ಅಲ್ಯೂಮಿನಿಯಂ ದಪ್ಪ ಇದೆ, ತಂಪು ಹಿಡಿದುಕೊಳ್ಳುತ್ತದೆ. ಐದು ನಿಮಿಷ ತಿರುಗಿಸು, ನಿಲ್ಲಿಸು, ಮುಚ್ಚಳ ತೆಗೆದು ಬಿಸಿ ಗಾಳಿ ಬಿಡು, ಮತ್ತೆ ಐದು ನಿಮಿಷ. ಹೀಗೆ ಮೂರು ಕಂತು. ನಡುವೆ ಪೆಲೆಟ್ ಕದಡುವುದಿಲ್ಲ, ಟ್ಯೂಬನ್ನು ಅಲ್ಲಾಡಿಸದಿದ್ದರೆ ಸಾಕು. ಕರೆಂಟ್ ಹೋದರೂ ಇದೇ ಲೆಕ್ಕ. ಮಳೆಗಾಲದಲ್ಲಿ ಅದಂತೂ ಇದ್ದದ್ದೇ. ಇನ್ವರ್ಟರ್‌ಗೆ ಹಾಕಿದರೆ ನಮ್ಮ ಮಷೀನು ಗುಂಯ್ ಅಂತ ಕೂಗುತ್ತದೆ, ಹಾಕಬೇಡಿ.

ಈಗ ನಾವು ಮಾಡುವ ರೀತಿ ಹೇಳುತ್ತೇನೆ. ಲೀಟರಿಗೆ 85 ಗ್ರಾಂ ಸಕ್ಕರೆ. ಲ್ಯಾಬಿನ ಸುಕ್ರೋಸ್ ದುಬಾರಿ. ಅಂಗಡಿಯ ಬಿಳಿ ಸಕ್ಕರೆಯನ್ನು ಸೋಸಿ ಹಾಕಿ ನೋಡಿದೆ, ರೀಡಿಂಗಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮಕ್ಕಳ ಪ್ರಾಕ್ಟಿಕಲ್ಲಿಗೆ ಅದೇ. ಪಿಎಚ್ 7.2 ಹತ್ತಿರ ಇರಲಿ. ಅದಕ್ಕೆ ಒಂದು ಚಿಟಿಕೆ ಇನ್ನೊಂದು ಪುಡಿ ಸೇರಿಸುತ್ತೇನೆ, ಅದರ ಹೆಸರು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಿಲ್ಲದೆಯೂ ಆಗುತ್ತದೆ, ಪೆಲೆಟ್ ಸ್ವಲ್ಪ ಅಂಟಂಟಾಗುತ್ತದೆ ಅಷ್ಟೆ. ಒಂದು ಗ್ರಾಂ ಲಿವರಿಗೆ ಎಂಟೊಂಬತ್ತು ಎಂಎಲ್ ಸಕ್ಕರೆ ನೀರು. ಅರೆದಾದ ಮೇಲೆ ನೀರುದೋಸೆ ಹಿಟ್ಟಿನ ಹದಕ್ಕೆ ಬರಬೇಕು. ಎರಡು ಪದರದ ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಹಿಂಡಬೇಡಿ. ಹಳೆಯ ಸೆಂಟ್ರಿಫ್ಯೂಜಿನಲ್ಲಿ 2,000 ಆರ್‌ಪಿಎಂ ಹತ್ತು ನಿಮಿಷ. ಮೇಲಿನ ತಿಳಿಯನ್ನು ಮಾತ್ರ ತೆಗೆದು ಮೈಕ್ರೋಟ್ಯೂಬಿಗೆ ಹಾಕಿ, 12,000ದಲ್ಲಿ ಆ ಮೂರು ಕಂತು. ತಳದಲ್ಲಿ ಕಂದು ಬಣ್ಣದ ಪೆಲೆಟ್. ಅದರಲ್ಲಿ ಮೈಟೊಕಾಂಡ್ರಿಯಾ ಜಾಸ್ತಿ, ಲೈಸೋಸೋಮ್, ಪೆರಾಕ್ಸಿಸೋಮ್ (ಅದೂ ಕೋಶದೊಳಗಿನ ಒಂದು ಬಗೆಯ ಸಣ್ಣ ಚೀಲ) ಎಲ್ಲ ಸೇರಿವೆ. ಬೇರೆ ಬೇರೆ ಮಾಡುವುದು ಈ ಮಷೀನಿನ ಕೆಲಸವಲ್ಲ, ನಮಗೆ ಬೇಕಾಗಿಯೂ ಇಲ್ಲ. ಅಳೆಯುವ ಎನ್ಜೈಮ್ ಲೈಸೋಸೋಮಿನದ್ದು ಆದರೆ ಆಯಿತು.

ಪೆಲೆಟನ್ನು ಎಬ್ಬಿಸುವಾಗ ಪಿಪೆಟಿನಲ್ಲಿ ಎಳೆದು ಬಿಟ್ಟು ಮಾಡಬೇಡಿ. ಸಣ್ಣ ಬಣ್ಣದ ಬ್ರಶ್ ತೆಗೆದುಕೊಂಡು, ಒಂದೇ ಹನಿ ಸಕ್ಕರೆ ನೀರಲ್ಲಿ ತಳವನ್ನು ಮೆಲ್ಲಗೆ ಸವರಿ. ಆಮೇಲೆ ಉಳಿದ ನೀರು ಹಾಕಿ. ಮಕ್ಕಳ ಸ್ಟೇಷನರಿ ಅಂಗಡಿಯಲ್ಲಿ 20 ರೂಪಾಯಿಯ ಬ್ರಶ್. ಇಷ್ಟಕ್ಕೇ ನಮ್ಮ ರೀಡಿಂಗ್ ಎಷ್ಟೋ ಸುಧಾರಿಸಿತು.

ಅಳೆಯುವ ಬಫರಿನಲ್ಲೂ ಸಕ್ಕರೆ ಇರಲೇಬೇಕು. ಪಿಎಚ್ 5ರ ಅಸಿಟೇಟ್. ಹತ್ತು ನಿಮಿಷಕ್ಕೆ ನಿಲ್ಲಿಸಿ. ಅರ್ಧ ಗಂಟೆ ಬಿಟ್ಟರೆ ಆ ಬಿಸಿಗೆ, ಆ ಹುಳಿಗೆ ಲೈಸೋಸೋಮ್ ತಾನಾಗಿ ಒಡೆಯಲು ಶುರುವಾಗುತ್ತದೆ. ನಮ್ಮ ಹಳೆಯ ಕಲರಿಮೀಟರಿನ 420 ಫಿಲ್ಟರ್ ಸಾಕು. ಒಳ್ಳೆಯ ದಿನ ಟ್ರೈಟನ್ ಇಲ್ಲದ್ದು 0.08 ಆಸುಪಾಸು, ಇದ್ದದ್ದು 0.5 ದಾಟುತ್ತದೆ. ಆರನೇ ಒಂದು ಪಾಲು ಮಾತ್ರ ಹೊರಗಿದೆ, ಉಳಿದದ್ದೆಲ್ಲ ಒಳಗೇ ಇದೆ. 35 ಸಾವಿರದ ಸಲಕರಣೆಯಲ್ಲಿ ಇದು ಬಂದಿದೆ ಅನ್ನುವುದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈ ಅಂಕಿ ಕಳಿಸಿದಾಗ ಆ ಹಿರಿಯರು ಸುಲಭಕ್ಕೆ ಒಪ್ಪಲಿಲ್ಲ. 'ಟ್ರೈಟನ್ ಎನ್ಜೈಮನ್ನೇ ಚುರುಕು ಮಾಡಿರಬಹುದಲ್ಲ, ಚೀಲ ಒಡೆಯಿತು ಅಂತ ಹೇಗೆ ಹೇಳುತ್ತೀರಿ?' ಅಂತ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಹಾಗಾಗಿ ಒಂದೇ ಪೆಲೆಟನ್ನು ಪಾಲು ಮಾಡಿದೆವು. ಒಂದು ಪಾಲಿಗೆ ಟ್ರೈಟನ್. ಒಂದು ಪಾಲಿಗೆ ಸಕ್ಕರೆ ಇಲ್ಲದ ಬರೀ ನೀರು. ಒಂದು ಪಾಲನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ ಕರಗಿಸಿ, ಮತ್ತೆ ಗಟ್ಟಿ ಮಾಡಿ ಕರಗಿಸಿದೆವು. ಮೂರೂ ಹತ್ತಿರ ಹತ್ತಿರ ಒಂದೇ ರೀಡಿಂಗ್ ಕೊಟ್ಟವು, 0.5ರ ಸುತ್ತಮುತ್ತ. ಆಮೇಲೆ ಮೊದಲೇ ಒಡೆದು ಹೊರಬಂದಿದ್ದ ಎನ್ಜೈಮ್ ಇರುವ ತಿಳಿಗೆ ಟ್ರೈಟನ್ ಹಾಕಿ ನೋಡಿದೆವು. ಅದು ಏರಲೇ ಇಲ್ಲ. ಅಲ್ಲಿಗೆ ಸಂಶಯ ಮುಗಿಯಿತು. ಡಿ ಡ್ಯೂವ್ ಅವರ ಐದು ದಿನದ ಫ್ರಿಜ್ ಕೂಡ ಮಾಡಿದೆವು. ಮಕ್ಕಳು ದಿನಾ ಬಂದು ಒಂದೊಂದು ಟ್ಯೂಬ್ ಅಳೆದರು, ದಿನಾ ಹಳದಿ ಜಾಸ್ತಿಯಾಯಿತು. 'ಅಕ್ಕೋರೆ, ಇವತ್ತು ಇನ್ನೂ ಸೋರಿದೆ' ಅಂತ ಕಾರಿಡಾರಿನಲ್ಲೇ ಕೂಗಿಕೊಂಡು ಬರುತ್ತಿದ್ದಳು ಒಬ್ಬಳು. ಬೋರ್ಡಿನ ಬಾಣಕ್ಕೆ ಯಾರೂ ಹೀಗೆ ಕೂಗಿಕೊಂಡು ಬಂದದ್ದನ್ನು ನಾನು ಕಂಡಿಲ್ಲ.

ಪಾಠ ಮಾಡುವವರು ಒಂದು ವಿಷಯ ಗಮನಿಸಿ. ಲೈಸೋಸೋಮಿಗೆ ಹೋಗುವ ಎನ್ಜೈಮಿಗೆಲ್ಲ ಮ್ಯಾನೋಸ್-6-ಫಾಸ್ಫೇಟ್ ಅನ್ನುವ ಸಕ್ಕರೆಯ ಗುರುತು ಇರುತ್ತದೆ ಅಂತ ನಾವು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಐ-ಸೆಲ್ ಕಾಯಿಲೆಯಲ್ಲಿ ಆ ಗುರುತು ಹಾಕುವ ಎನ್ಜೈಮೇ ಕೆಟ್ಟು, ಲೈಸೋಸೋಮಿಗೆ ಹೋಗಬೇಕಾದವು ರಕ್ತಕ್ಕೆ ಸೋರುತ್ತವೆ. ಹೆಚ್ಚಿನ ಎನ್ಜೈಮುಗಳಿಗೆ ಇದು ನಿಜ. ಆದರೆ ನಮ್ಮ ಟ್ಯೂಬಿನಲ್ಲಿ ಹಳದಿ ಕೊಡುವ ಲೈಸೋಸೋಮಿನ ಆಸಿಡ್ ಫಾಸ್ಫಟೇಸ್ ಆ ದಾರಿಯಲ್ಲಿ ಬರುವುದಿಲ್ಲ. ಅದು ಪೊರೆಗೆ ಸಿಕ್ಕಿಕೊಂಡ ಪ್ರೋಟೀನಾಗಿ ಹುಟ್ಟಿ, ಕೋಶದ ಹೊರಮೈವರೆಗೆ ಹೋಗಿ, ಅಲ್ಲಿಂದ ಒಳಗೆ ಬಂದು ಲೈಸೋಸೋಮ್ ಸೇರುತ್ತದೆ. ಅದರ ಬಾಲದಲ್ಲಿರುವ ಟೈರೋಸಿನ್ ಗುರುತು ಅದನ್ನು ಎಳೆದು ತರುತ್ತದೆ. ಒಳಗೆ ಬಂದಮೇಲೆ ಕತ್ತರಿಸಿ ಬಿಡಿಯಾಗುತ್ತದೆ. ಅದಕ್ಕೇ ಐ-ಸೆಲ್ ರೋಗಿಗಳ ಕೋಶದಲ್ಲಿ ಈ ಎನ್ಜೈಮ್ ಹೆಚ್ಚುಕಮ್ಮಿ ಸರಿಯಾಗೇ ಇರುತ್ತದೆ. ಪರೀಕ್ಷೆಗೆ ಈ ಪ್ರಶ್ನೆ ಕೊಡಿ, ಚೆನ್ನಾಗಿ ಯೋಚಿಸುವ ಮಕ್ಕಳು ಯಾರು ಅಂತ ಗೊತ್ತಾಗುತ್ತದೆ.

ಐಸ್ ತರಲು ಬಂದರಿಗೆ ಹೋಗಿ ಹೋಗಿ ಇನ್ನೊಂದು ಕೆಲಸ ತಲೆಗೆ ಹತ್ತಿತು. ಫ್ರೀಜರ್ ಲೈಸೋಸೋಮನ್ನು ಒಡೆಯುತ್ತದೆ ಅಂದಮೇಲೆ, ಫ್ರೀಜರಿನಲ್ಲಿಟ್ಟು ಕರಗಿಸಿ ತಾಜಾ ಅಂತ ಮಾರುವ ಮೀನಿನಲ್ಲೂ ಎನ್ಜೈಮ್ ಹೊರಗೆ ಬಂದಿರಬೇಕಲ್ಲ? ಇದು ನನ್ನ ಹೊಸ ಕಲ್ಪನೆ ಏನಲ್ಲ, ಮೀನಿನ ಹಿಂಡಿದ ರಸದಲ್ಲಿ ಲೈಸೋಸೋಮ್, ಮೈಟೊಕಾಂಡ್ರಿಯಾ ಎನ್ಜೈಮ್ ಅಳೆದು ತಾಜಾ-ಫ್ರೋಜನ್ ಬೇರೆ ಮಾಡುವುದು ಹೊರದೇಶದಲ್ಲಿ ಹಳೆಯ ಪದ್ಧತಿ. ನಾನು ಬಂಗಡೆಯಲ್ಲಿ ಮಾಡಿದೆ. ಬೆನ್ನಿನ ಬಿಳಿ ಮಾಂಸದ ತುಂಡು, ಬಟ್ಟೆಯಲ್ಲಿ ಸುತ್ತಿ ಭಾರ ಹೇರಿದರೆ ಕೆಲವು ಹನಿ ರಸ ಬರುತ್ತದೆ. ಹತ್ತು ಪಟ್ಟು ತೆಳು ಮಾಡಿ ಅದೇ ಪಿಎನ್‌ಪಿಪಿ. ದೋಣಿಯಿಂದ ಇಳಿದದ್ದು, ಒಂದು ದಿನ ಐಸಿನಲ್ಲಿದ್ದದ್ದು ಹೆಚ್ಚುಕಮ್ಮಿ ಒಂದೇ. ಮನೆಯ ಫ್ರೀಜರಿನಲ್ಲಿ ವಾರ ಇಟ್ಟು ಕರಗಿಸಿದ್ದು ಎರಡು-ಮೂರು ಪಟ್ಟು ಹಳದಿ. ರಸದಲ್ಲಿ ರಕ್ತದ ಕೆಂಪು ಇರುತ್ತದೆ, ಅದೂ 420ರಲ್ಲೇ ಅಡ್ಡ ಬರುತ್ತದೆ. ಹಾಗಾಗಿ ಪ್ರತಿ ಮೀನಿಗೂ ಅದರದ್ದೇ ಬ್ಲಾಂಕ್ (ಎನ್ಜೈಮ್ ಕೆಲಸ ಮಾಡದ, ಕಳೆಯಲು ಇಡುವ ಟ್ಯೂಬು) ಬೇಕು, ಮೊದಲು ಹೈಡ್ರಾಕ್ಸೈಡ್ ಹಾಕಿ ಆಮೇಲೆ ರಸ. ಇದನ್ನು ಬಿಟ್ಟರೆ ಅಂಕಿಗಳಿಗೆ ಅರ್ಥವೇ ಇಲ್ಲ.

ನಮಗೆ ಮೀನು ಕೊಡುವ ಅಕ್ಕನಿಗೆ ಹೇಳಿದೆ. 'ಅಕ್ಕೋರೆ, ಇದಕ್ಕೆ ಮಷೀನ್ ಯಾಕೆ? ಕಿವಿರು ಎತ್ತಿ ನೋಡಿ' ಅಂದಳು. ಸರಿ ಅಂತ ಗುರುತಿಲ್ಲದ ಮೀನುಗಳನ್ನು ಅವಳ ಮುಂದಿಟ್ಟೆ. ಒಂದನ್ನು ಬಿಟ್ಟು ಎಲ್ಲವನ್ನೂ ಸರಿಯಾಗಿ ಹೇಳಿದಳು. ಆ ಒಂದನ್ನು ನಮ್ಮ ಟ್ಯೂಬು ಹಿಡಿಯಿತು. ಅವಳ ಕಿವಿರಿನ ಮಾತಿಂದಲೇ ಇನ್ನೊಂದು ಸುಲಭದ ಪರೀಕ್ಷೆಯೂ ಸಿಕ್ಕಿತು. ಕಿವಿರಿನ ರಕ್ತ ಒಂದು ಹನಿ ಉಪ್ಪುನೀರಿಗೆ, 0.9 ಶೇಕಡಾ. ಅರ್ಧ ಗಂಟೆ ಬಿಟ್ಟರೆ ತಾಜಾ ಮೀನಿನಲ್ಲಿ ಕೆಂಪುಕಣ ತಳಕ್ಕೆ ಕೂರುತ್ತದೆ, ಮೇಲೆ ತಿಳಿ. ಫ್ರೀಜರ್ ಮೀನಿನಲ್ಲಿ ಕಣ ಒಡೆದು ಹಿಮೋಗ್ಲೋಬಿನ್ ಹೊರಗೆ ಬಂದಿರುತ್ತದೆ, ನೀರೆಲ್ಲ ಕೆಂಪು, ಕೂರುವುದೇ ಇಲ್ಲ. ಬಹಳ ದಿನ ಐಸಿನಲ್ಲಿದ್ದ ಮೀನಿಗೆ ಇದು ನಂಬಿಕೆಗೆ ಬಾರದು. ಫ್ರೀಜರ್ ಮೀನು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತಾಜಾ ಅಂತ ದುಡ್ಡು ತೆಗೆದುಕೊಂಡರೆ ತಾಜಾ ಇರಬೇಕು, ಅಷ್ಟೇ.

ಶಿರಸಿಯ ಒಬ್ಬ ಸ್ನೇಹಿತೆ, ಅವರೂ ಪಾಠ ಮಾಡುವವರು, 'ನಮ್ಮಲ್ಲಿ ಲಿವರ್ ಮುಟ್ಟುವ ಮಕ್ಕಳು ಕಡಿಮೆ, ತರಕಾರಿಯಲ್ಲಿ ಏನಾದರೂ ಹೇಳಿ' ಅಂದರು. ಬದನೆಕಾಯಿ ಹೇಳಿದೆ. ಕಂದು ಬಣ್ಣ ತರುವ ಎನ್ಜೈಮ್, ಪಾಲಿಫಿನಾಲ್ ಆಕ್ಸಿಡೇಸ್, ಇರುವುದು ಪ್ಲಾಸ್ಟಿಡ್‌ನಲ್ಲಿ, ಅದು ಕೆಲಸ ಮಾಡುವ ಫಿನಾಲ್ ಇರುವುದು ವ್ಯಾಕ್ಯುಯೋಲಿನಲ್ಲಿ. ಎರಡೂ ಸಸ್ಯದ ಕೋಶದೊಳಗಿನ ಬೇರೆ ಬೇರೆ ಜಾಗ. ಹೋಳು ಮಾಡಿಟ್ಟರೆ ಕೊಯ್ದ ಮುಖ ಮಾತ್ರ ಕಂದಾಗುತ್ತದೆ, ಯಾಕೆಂದರೆ ಅಲ್ಲಿ ಮಾತ್ರ ಕೋಶ ಒಡೆದಿದೆ. ಇಡೀ ಕಾಯನ್ನು ಫ್ರೀಜರಿನಲ್ಲಿಟ್ಟು ಕರಗಿಸಿ ಕೊಯ್ದರೆ ಒಳಗೆಲ್ಲ ಕಂದು. ಖರ್ಚು ಹತ್ತು ರೂಪಾಯಿ. ಅಳತೆ ಬರುವುದಿಲ್ಲ, ಆದರೆ ವಿಷಯ ತಲೆಗೆ ಹೋಗುತ್ತದೆ.

ಅವರ ಊರಿಗೆ ಹೋದಾಗ ಮಿಂಚುಹುಳದ ಮೇಲೂ ಕೈಯಾಡಿಸಿದೆ. ಮಳೆಗೆ ಮುಂಚೆ ಅಲ್ಲಿ ತೋಟದ ಅಂಚಿನಲ್ಲಿ ಬೇಕಾದಷ್ಟು. ಅದರ ಬೆಳಕಿನ ಎನ್ಜೈಮ್, ಲೂಸಿಫೆರೇಸ್, ಇರುವುದು ಪೆರಾಕ್ಸಿಸೋಮಿನಲ್ಲಿ. 1980ರ ದಶಕದ ಕೊನೆಗೆ ಸುರೇಶ್ ಸುಬ್ರಮಣಿ ಅವರ ತಂಡ ಅಮೆರಿಕದಲ್ಲಿ ಆ ಪ್ರೋಟೀನಿನ ಜೀನನ್ನು ಮಂಗನ ಕೋಶಕ್ಕೆ ಹಾಕಿದರೆ ಅಲ್ಲೂ ಪ್ರೋಟೀನು ನೇರ ಪೆರಾಕ್ಸಿಸೋಮಿಗೇ ಹೋಯಿತು. ಹುಡುಕಿದರೆ ಬಾಲದ ಕೊನೆಯ ಮೂರೇ ಅಮೈನೋ ಆಮ್ಲಗಳು ಅದರ ವಿಳಾಸ: ಸೆರಿನ್, ಲೈಸಿನ್, ಲ್ಯೂಸಿನ್. ಹುಳಕ್ಕೂ ಮಂಗಕ್ಕೂ ಒಂದೇ ವಿಳಾಸ. ಪ್ರೋಟೀನಿನ ಜಾಗದ ಬಗ್ಗೆ ನನಗೆ ಇದಕ್ಕಿಂತ ಇಷ್ಟವಾದ ಸಂಗತಿ ಇನ್ನೊಂದಿಲ್ಲ. ದೀಪದ ಭಾಗವನ್ನು ತಣ್ಣೀರಲ್ಲಿ ಅರೆದರೆ ಸ್ವಲ್ಪ ಹೊತ್ತು ಬೆಳಗಿ ಆರುತ್ತದೆ, ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಹಾಕಿದರೆ ಮತ್ತೆ ಬೆಳಗುತ್ತದೆ. ಅಷ್ಟು ಆಯಿತು. ಒಡೆಯದ ಪೆರಾಕ್ಸಿಸೋಮ್ ಹಿಡಿಯಲು ಹೊರಟರೆ ರಾಶಿ ಹುಳ ಬೇಕು. ಅಷ್ಟು ಹುಳ ಕೊಲ್ಲಲು ಮನಸ್ಸು ಬರಲಿಲ್ಲ, ನಿಲ್ಲಿಸಿದೆ. ಪೆರಾಕ್ಸಿಸೋಮಿಗೆ ಆ ಲಿವರ್ ಪೆಲೆಟಿನಲ್ಲೇ ಅದರ ಎನ್ಜೈಮ್ ಕ್ಯಾಟಲೇಸ್ ಅಳೆಯಬಹುದು. ಮುಂದಿನ ಸೆಮಿಸ್ಟರಿಗೆ ಅದನ್ನೇ ಹಿಡಿಯುತ್ತೇನೆ.

ಈಗ ಒಂದು ಬ್ಯಾಚಿಗೆ ಲಿವರ್, ಐಸು, ಕೆಮಿಕಲ್ ಎಲ್ಲ ಸೇರಿ 500 ರೂಪಾಯಿ ಒಳಗೇ ಮುಗಿಯುತ್ತದೆ. ಪಿಎನ್‌ಪಿಪಿ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಫ್ರೀಜರಿನಲ್ಲೇ ಇಡಿ, ನಮ್ಮ ಕರಾವಳಿಯ ತೇವಕ್ಕೆ ಹೊರಗಿಟ್ಟರೆ ತಾನೇ ಹಳದಿಯಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ಮೀನುಗಾರಿಕೆ ಬಂದ್, ಆಗ ಬಂದರಿನಲ್ಲಿ ಐಸು ಸಿಗುವುದು ಕಷ್ಟ. ಪ್ರಾಕ್ಟಿಕಲ್ಲನ್ನು ಆಗಸ್ಟ್ ಆಮೇಲೆ ಇಟ್ಟುಕೊಳ್ಳಿ. ಮಾಡಿ ನೋಡುವವರಿದ್ದರೆ ಬನ್ನಿ, ಲಿವರ್ ತರುವುದು ಬೆಳಿಗ್ಗೆ ಆರೂವರೆಗೆ.